ರಾಗಿ ಹಿಟ್ಟಿನ ಸಾಕ್ಷಿ

'ಎಣ್ಣೆ ಮಂಜು' ಪತ್ತೇದಾರಿ ಧಾರಾವಾಹಿ: ಕಂತು ಒಂಬತ್ತು

"ಕತ್ತರಿ ನಿಲ್ಸಪ್ಪ! ನಿಲ್ಸು ಅಂದೆ!"

ಜಯರಾಮಪ್ಪ ಶೆಡ್ಡಿನ ಬಾಗಿಲಲ್ಲೇ ನಿಂತು ಕೂಗಿದ ರಭಸಕ್ಕೆ ಪೋತಪ್ಪನ ಕೈ ಹಿಡಿಯ ಮೇಲೇ ನಿಂತಿತು. ತಗಡಿನ ಪಟ್ಟಿಯ ತುದಿ ಆಗಲೇ ಕತ್ತರಿ ಯಂತ್ರದ ಬಾಯೊಳಗೆ ಒಂದು ಗೇಣು ಹೋಗಿತ್ತು. ಹಿಡಿ ಒತ್ತಿದ್ದರೆ ಸುರುಳಿಯೆಲ್ಲ ತುಂಡಾಗಿ, ನಾಳೆ ನಾಡಿದ್ದರಲ್ಲಿ ಕಲ್ಯಾಣದುರ್ಗದ ಎಣ್ಣೆ ಮಿಲ್ಲುಗಳಲ್ಲಿ ಡಬ್ಬವಾಗಿ ಕೂತಿರುತ್ತಿತ್ತು.

"ಮೇನೇಜರ್ ಸಾರೇ ಕತ್ರುಸು ಅಂದ್ರು," ಎಂದ ಪೋತಪ್ಪ. ಅರವತ್ತರ ಹತ್ತಿರದ ಆಸಾಮಿ. ಎಣ್ಣೆ ಕುಡಿದು ಕಂದಾದ ಅಂಗಿ, ಬರಿಗಾಲು, ಮುಖದಲ್ಲಿ ಸದಾ ಒಂದು ಸಮಾಧಾನ. ಹಿಂದೂಪುರದ ಈ ಡಬ್ಬದ ಕಾರ್ಖಾನೆ ಕಟ್ಟುವಾಗ ಕಲ್ಲು ಹೊತ್ತವನೇ ಅವನು ಎಂದು ಜನ ಹೇಳುತ್ತಿದ್ದರು.

ಮಂಗಳವಾರ ಇದೇ ಶೆಡ್ಡಿನಲ್ಲಿ ಫೋರ್‌ಮನ್ ಶ್ರೀರಾಮಪ್ಪ ಕರೆಂಟು ಹೊಡೆದು ಸತ್ತಿದ್ದ. ಯಂತ್ರ ನಡೆಸುತ್ತಿದ್ದ ಕೊಂಡಪ್ಪ ಹಿಂದೂಪುರದ ಲಾಕಪ್ಪಿನಲ್ಲಿದ್ದ. ಶುಕ್ರವಾರವಾದ ಇಂದು ಮಧ್ಯಾಹ್ನ ಎರಡು ಗಂಟೆಗೆ ಅವನನ್ನು ಕೊಲೆ ಕೇಸಿನಲ್ಲಿ ಕೋರ್ಟಿಗೆ ಒಪ್ಪಿಸುವವರಿದ್ದರು. ಗೋಡೆಯ ಗಡಿಯಾರದಲ್ಲಿ ಆಗ ಹನ್ನೆರಡೂವರೆ.

ಜಯರಾಮಪ್ಪ ಮೆಟ್ಟು ಬಿಟ್ಟು ಒಳಗೆ ಬಂದರು. ಮೂವತ್ತೆರಡು ವರ್ಷ ಪೊಲೀಸಿನಲ್ಲಿದ್ದು, ಈಗ ಕಲ್ಯಾಣದುರ್ಗದಲ್ಲಿ ಕಡಲೆಕಾಯಿ ಬೆಳೆದುಕೊಂಡು ಸುಮ್ಮನಿರಬೇಕಾಗಿದ್ದ ಮನುಷ್ಯ. ಸುಮ್ಮನಿರುವುದು ಅವರ ಜಾತಕದಲ್ಲೇ ಬರೆದಿರಲಿಲ್ಲ. ಕಂಡದ್ದನ್ನು ರಿಪೋರ್ಟಿನಿಂದ ಒಂದು ದಿನವೂ ಬಿಟ್ಟವನಲ್ಲ ಎಂಬುದು ಅವರ ಹೆಮ್ಮೆ. ಆ ಹೆಮ್ಮೆಯಿಂದಲೇ ಅವರಿಗೆ ಬಡ್ತಿ ಸಿಗಲಿಲ್ಲ ಎಂಬುದು ಅವರ ಹೆಂಡತಿಯ ಅಭಿಪ್ರಾಯ.

ಅವರ ಹಿಂದೆ ಒಂದು ಬಟ್ಟೆ ಗಂಟು ಹಿಡಿದು ಮುನಿಯಕ್ಕ ಬಂದಳು. ಲಾಕಪ್ಪಿನಲ್ಲಿದ್ದ ಕೊಂಡಪ್ಪನ ಅಕ್ಕ. ಕಲ್ಯಾಣದುರ್ಗದ ಮಿಲ್ಲಿನಲ್ಲಿ ಕಡಲೆಕಾಯಿ ಸುಲಿಯುವವಳು. ತಾಯಿ ಸತ್ತ ಮೇಲೆ ತಮ್ಮನನ್ನು ಸೊಂಟದ ಮೇಲೆ ಹೊತ್ತು ಸಾಕಿದವಳು. ಬುಧವಾರ ಬೆಳಗ್ಗೆ ಜಯರಾಮಪ್ಪನವರ ಜಗಲಿಯ ಮೇಲೆ ಕೂತವಳು, 'ನನ್ ತಮ್ಮನ್ನ ಬಿಡ್ಸಿಕೊಡಣ್ಣ' ಎಂಬ ಒಂದೇ ಮಾತು ಹಿಡಿದು, ಅವರು ಬಸ್ಸು ಹತ್ತುವವರೆಗೆ ಎದ್ದಿರಲಿಲ್ಲ.

ಮೈಮೇಲೆ ಅದೇ ಹಸಿರು ಸೀರೆ. ತಮ್ಮ ಮನೆಗೆ ಬರುವವರೆಗೆ ಸೀರೆ ಬದಲಾಯಿಸುವುದಿಲ್ಲ, ತಲೆಗೆ ನೀರು ಹಾಕಿಕೊಳ್ಳುವುದಿಲ್ಲ ಎಂದು ಚೌಡೇಶ್ವರಿಗೆ ಹರಕೆ ಹೊತ್ತಿದ್ದಳು. ಬಸ್ಸು ಸೋಮಂದೇಪಲ್ಲಿ ದಾಟುವಾಗ ಜಯರಾಮಪ್ಪ ತಮಾಷೆಗೆ, "ಇನ್ನೆರಡು ದಿನ ತಡವಾದ್ರೆ ಬಸ್ಸಿನೋರು ನಿನ್ನ ಹತ್ತಿಸಿಕೊಳ್ಳಾಕಿಲ್ಲ ಕಣಮ್ಮ" ಎಂದಿದ್ದರು. ಅವಳು ನಕ್ಕಿರಲಿಲ್ಲ.

ಒಳಗೆ ಕಾಲಿಟ್ಟ ಮುನಿಯಕ್ಕ ಎದುರಿಗಿದ್ದ ಕರೆಂಟಿನ ಪೆಟ್ಟಿಗೆಯ ಕಡೆ ನೋಡಿ ಕೈ ಮುಗಿದಳು. ಪೆಟ್ಟಿಗೆಯ ಮೇಲೆ ಚೌಡೇಶ್ವರಿಯ ಪಟ, ಪಟಕ್ಕೆ ಕನಕಾಂಬರದ ಹಾರ. ಪಟದ ಪಾದದ ಹತ್ತಿರವೇ ಯಂತ್ರದ ಕೆಂಪು ದೀಪ. ಯಂತ್ರ ಮಾಡಿದವರು ಅದನ್ನು ಅಪಾಯದ ಗುರುತಿಗೆಂದು ಇಟ್ಟಿದ್ದರು. ಇಲ್ಲಿನ ಕೆಲಸಗಾರರು ಮೇಲೆ ಪಟ ಕೂರಿಸಿ ಅದನ್ನು ಅಮ್ಮನ ದೀಪ ಮಾಡಿಕೊಂಡಿದ್ದರು.

"ಅಯ್ಯೋ, ಅಮ್ಮನ ದೀಪ ಇವತ್ತೂ ಆರೈತಲ್ಲಣ್ಣ," ಎಂದಳು.

ಯಂತ್ರ ನಿಂತ ಮೇಲೆ ದೀಪ ಆರದೆ ಇನ್ನೇನು? ಜಯರಾಮಪ್ಪ ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಕಣ್ಣೆಲ್ಲ ಸುರುಳಿಯ ಮೇಲಿತ್ತು.

ಆಫೀಸಿನ ಕಡೆಯಿಂದ ಮ್ಯಾನೇಜರ್ ಗೋವಿಂದಪ್ಪ ಬಿರಬಿರನೆ ಬಂದರು. ಬಿಳಿ ಪಂಚೆ, ತಲೆಯ ಮೇಲೆ ಕಪ್ಪು ಟೋಪಿ, ಬಾಯಲ್ಲಿ ಆಗಷ್ಟೇ ಹಾಕಿಕೊಂಡ ಎಲೆ ಅಡಿಕೆ.

"ಏಮಯ್ಯಾ ಇದಿ? ಇನ್ಸ್‌ಪೆಕ್ಟ್ರೇ, ನೀವು ರಿಟೈರಾಗಿ ಎಷ್ಟು ವರ್ಷ ಆಯ್ತು? ಹೆಂಗಸರು ಶೆಡ್ಡೊಳಕ್ಕೆ ಬರೋ ಹಂಗಿಲ್ಲ. ಅದು ಇಲ್ಲಿನ ರೂಲು."

"ಸಬ್ ಇನ್ಸ್‌ಪೆಕ್ಟರ್ ನರಸಪ್ಪನಿಗೆ ಹೇಳಿಬಂದಿದೀನಿ. ಆರೋಪಿನೂ ಕರ್ಕೊಂಡು ಇಲ್ಲಿಗೇ ಬತ್ತಾರೆ. ಅಷ್ಟರಲ್ಲಿ ಒಂದು ಪರೀಕ್ಷೆ. ಅದಕ್ಕೆ ಬೇಕಾದ ಸಾಮಾನು ಈ ಯಮ್ಮನ ಗಂಟಲ್ಲೈತೆ. ಅದಿರ್ಲಿ, ಮಂಗಳವಾರದ ಸುರುಳಿ ಯಾಕೆ ಇಷ್ಟು ಅವಸರವಾಗಿ ಕತ್ತರಿಸ್ತಿದೀರಿ?"

"ಅವಸರ ಎಲ್ಲಿ? ಸಾಯಂಕಾಲ ಕತ್ತರಿಸು ಅಂದಿದ್ದೆ."

ಜಯರಾಮಪ್ಪ ಪೋತಪ್ಪನ ಕಡೆ ನೋಡಿದರು. ಅವನು ತಗಡಿನ ಅಂಚು ಒರೆಸುತ್ತಾ, "ಬೇಗ ಮುಗಿಸೋಣ ಅಂತ ಸಾರ್," ಎಂದ.

*

ಪರೀಕ್ಷೆಗೆ ಮೊದಲು ಯಂತ್ರದ ಮರ್ಮ ತಿಳಿಯಬೇಕಲ್ಲ. ಅದನ್ನು ಹೇಳಿಕೊಟ್ಟವನೂ ಪೋತಪ್ಪನೇ. ಶ್ರೀರಾಮಪ್ಪ ಬೊಂಬಾಯಿಯಿಂದ ಫೋರ್‌ಮನ್ ಆಗಿ ಬಂದು ಕೂರುವವರೆಗೆ ಈ ಯಂತ್ರ ಪೋತಪ್ಪನ ಕೈಯಲ್ಲೇ ಇತ್ತು.

"ತಗಡು ಒಂದಕ್ಕೊಂದು ಉಜ್ಜಬಾರದು, ಅಚ್ಚಿನಲ್ಲಿ ಸಿಕ್ಕೊಳ್ಳಬಾರದು ಅಂದ್ರೆ ಎಣ್ಣೆ ಬೇಕು ಸಾರ್. ಬಟ್ಟೇಲಿ ಸವರಿದ್ರೆ ಒಂದು ಕಡೆ ಜಾಸ್ತಿ, ಒಂದು ಕಡೆ ಇಲ್ಲ. ಅದಕ್ಕೇ ಈ ಗೂಡು."

ಗೂಡು ಎಂದರೆ ಆಳೆತ್ತರದ ತಗಡಿನ ಪೆಟ್ಟಿಗೆ. ಒಂದು ಬಾಯಿಂದ ತಗಡಿನ ಪಟ್ಟಿ ಒಳಕ್ಕೆ ಓಡುತ್ತದೆ, ಇನ್ನೊಂದು ಬಾಯಿಂದ ಹೊರಕ್ಕೆ. ಒಳಗೆ ಎಣ್ಣೆ ಮಂಜಾಗಿ ತೇಲುತ್ತಿರುತ್ತದೆ. ನಡುವೆ ಎಂಬತ್ತು ಸಾವಿರ ವೋಲ್ಟಿನ ಎರಡು ಅಲಗು.

"ಕರೆಂಟು ಬಿಟ್ರೆ ಮಂಜಿಗೆ ಜೀವ ಬತ್ತದೆ. ಓಡೋ ತಗಡಿನ ಮ್ಯಾಕೆ ತಾನೇ ಹೋಗಿ ಕೂರ್ತದೆ, ಒಂದೇ ಸಮಕ್ಕೆ. ಕಣ್ಣಿಗೆ ಕಾಣಾಕಿಲ್ಲ, ಅಷ್ಟು ತೆಳು. ಕರೆಂಟು ತೆಗೆದ್ರೆ ಸುಮ್ನೆ ಗೂಡಲ್ಲೇ ತೇಲ್ತಿರ್ತದೆ. ತಗಡು ಒಣಗೇ ಆಚೆ ಬತ್ತದೆ."

"ಗೂಡಿನ ಬಾಗಿಲು ತೆಗೆದಿದ್ರೆ?"

"ಆಚೆ ನಿಂತೋನ ಮ್ಯಾಲೂ ಕೂರ್ತದೆ, ಬರಿಗಾಲಲ್ಲಿ ನೆಲದ ಮ್ಯಾಕೆ ನಿಂತಿದ್ರೆ. ರಬ್ಬರ್ ಬೂಟು ಹಾಕ್ಕೊಂಡಿದ್ರೆ ಅಷ್ಟಾಗಿ ಅಂಟಾಕಿಲ್ಲ. ನನ್ ಅಂಗಿ ನೋಡಿ, ಇದೆಲ್ಲ ಅದೇಯ."

ಶ್ರೀರಾಮಪ್ಪನಿಗೂ ಕಂಪನಿ ರಬ್ಬರ್ ಬೂಟು ಕೊಟ್ಟಿತ್ತು. ಆದರೆ ಮಂಗಳವಾರ, ಶುಕ್ರವಾರ ಅಮ್ಮನ ಎದುರು ಮೆಟ್ಟು ಹಾಕಿಕೊಂಡು ನಿಲ್ಲುವ ಧೈರ್ಯ ಈ ಶೆಡ್ಡಿನಲ್ಲಿ ಯಾರಿಗೂ ಇರಲಿಲ್ಲ. ಬೊಂಬಾಯಿ ಕಂಡುಬಂದವನಿಗೂ ಇರಲಿಲ್ಲ. ಬೂಟು ಬಾಗಿಲಲ್ಲಿತ್ತು, ಮನುಷ್ಯ ಹೆಣವಾದ.

ಲಾಕಪ್ಪಿನಲ್ಲಿ ಕೊಂಡಪ್ಪ ಹೇಳಿದ್ದು ಇಷ್ಟು. ಅಲಗಿಗೆ ಕಸ ಹಿಡಿದಿದೆ, ಕರೆಂಟು ತೆಗಿ ಎಂದರು ಫೋರ್‌ಮನ್. ತೆಗೆದೆ. ಪಟ್ಟಿ ನಿಲ್ಲಿಸಿದರೆ ಹರಿಯುತ್ತೆ ಅಂತ ಓಡಲು ಬಿಟ್ಟೆವು. ಅವರು ಕರೆಂಟಿನ ಪೆಟ್ಟಿಗೆಯ ಕಡೆಯಿಂದ ಕಾಣದ ಆ ಬದಿಯ ಬಾಗಿಲಿಂದ ಗೂಡಿನೊಳಗೆ ಕೈ ಹಾಕಿದರು. ನಾನು ಸುರುಳಿ ನೋಡಲು ಕೊನೆಗೆ ಹೋದೆ. ಚೀರಿದ್ದು ಕೇಳಿ ಓಡಿಬಂದು ಯಂತ್ರ ನಿಲ್ಲಿಸಿದೆ.

'ಕರೆಂಟು ಹಾಕಿದ್ದು ಯಾರು?' ಎಂದು ಜಯರಾಮಪ್ಪ ಕೇಳಿದಾಗ ಮಾತ್ರ ಹುಡುಗ ನೆಲ ನೋಡಿದ್ದ. 'ಗೊತ್ತಿಲ್ಲ ಸಾರ್.' ಆ 'ಗೊತ್ತಿಲ್ಲ' ಜಯರಾಮಪ್ಪನವರಿಗೆ ಅಕ್ಕಿಯಲ್ಲಿ ಸಿಕ್ಕ ಕಲ್ಲಿನಂತೆ ಹಲ್ಲಿಗೆ ತಾಗಿತ್ತು.

ಗೋವಿಂದಪ್ಪ ಪೊಲೀಸರಿಗೆ ಕೊಟ್ಟ ಹೇಳಿಕೆ ಬೇರೆಯೇ. 'ನಾನು ಐದು ನಿಮಿಷ ಗೂಡಿನ ಬಾಗಿಲ ಹತ್ತಿರವೇ ನಿಂತಿದ್ದೆ. ಕೊಂಡಪ್ಪ ಕರೆಂಟು ತೆಗೆಯಲೇ ಇಲ್ಲ. ತೆಗೆದಿದ್ದೀನಿ ಅಂತ ಸುಳ್ಳು ಹೇಳಿ ಶ್ರೀರಾಮಪ್ಪನ ಕೈ ಹಾಕಿಸಿದ. ಕೆಂಪು ದೀಪ ಹತ್ತೇ ಇತ್ತು.' ಹಿಂದಿನ ದಿನ ಫೋರ್‌ಮನ್ ಕೊಂಡಪ್ಪನ ಕೆನ್ನೆಗೆ ಹೊಡೆದಿದ್ದನ್ನು ಹತ್ತು ಜನ ನೋಡಿದ್ದರು. ಇಷ್ಟು ಸಾಕಲ್ಲ, ಒಬ್ಬನಿಗೆ ನೇಣು ಹಾಕಲು.

*

"ಮುನಿಯಕ್ಕ, ಗಂಟು ಬಿಚ್ಚು."

ಗಂಟಿನಲ್ಲಿದ್ದದ್ದು ರಾಗಿ ಹಿಟ್ಟು. ತಮ್ಮನಿಗೆ ಲಾಕಪ್ಪಿನಲ್ಲಿ ಮುದ್ದೆ ಸಿಗುತ್ತೋ ಇಲ್ಲವೋ ಎಂದು ಕಲ್ಯಾಣದುರ್ಗದಿಂದ ಬೀಸಿ ಜರಡಿ ಹಿಡಿದು ತಂದದ್ದು. ಅದನ್ನು ಹಿತ್ತಾಳೆ ತಟ್ಟೆಗೆ ಸುರಿದು ಕೈಯಲ್ಲಿ ಹಿಡಿದುಕೊಂಡಳು.

ಗೋವಿಂದಪ್ಪ ನಕ್ಕರು. "ಏನ್ರೀ, ಊಟ ಇಲ್ಲೇನಾ?"

"ಊಟ ಯಾರಿಗೋ, ಎಲೆ ಎತ್ತೋರು ಯಾರೋ, ನೋಡಾನ. ಪೋತಪ್ಪ, ಮಂಗಳವಾರ ಯಂತ್ರ ನಿಂತಾಗ ಪೊಲೀಸಿನೋರು ಪಟ್ಟೀನ ಎಲ್ಲಿ ಕತ್ತರಿಸಿದ್ರು?"

"ಗೂಡಿಂದ ಆಚೆ ಬರೋ ಬಾಯಲ್ಲೇ ಸಾರ್."

"ಅಂದ್ರೆ ಈ ಸುರುಳಿಯ ತುದಿ, ಯಂತ್ರ ನಿಂತ ಗಳಿಗೆ. ಪಟ್ಟಿ ನಿಮಿಷಕ್ಕೆ ಎಷ್ಟು ಓಡ್ತದೆ?"

"ಮೂವತ್ತು ಅಡಿ. ಹೆಚ್ಚಿಲ್ಲ, ಕಮ್ಮಿ ಇಲ್ಲ."

"ಹಂಗಾದ್ರೆ ಇದು ತಗಡಲ್ಲ ಗೋವಿಂದಪ್ಪನವರೇ, ಗಡಿಯಾರ. ಎಳಿಯಪ್ಪ."

ಇಬ್ಬರು ಕೆಲಸಗಾರರು ಬಂದು ಪಟ್ಟಿಯ ತುದಿ ಹಿಡಿದು ಶೆಡ್ಡಿನ ಉದ್ದಕ್ಕೂ ಎಳೆದು ಮಲಗಿಸಿದರು. ನೆಲಕ್ಕೆ ಕಡಪ ಕಲ್ಲು ಹಾಸಿತ್ತು, ಒಂದೊಂದು ಕಲ್ಲೂ ಎರಡಡಿ. ಅಳತೆಪಟ್ಟಿಯ ಕೆಲಸವೇ ಇಲ್ಲ. ಜಯರಾಮಪ್ಪ ತಟ್ಟೆಯಿಂದ ಹಿಡಿ ಹಿಡಿ ಹಿಟ್ಟು ತೆಗೆದು ತಗಡಿನ ಮೇಲೆ ಉದುರಿಸುತ್ತಾ ಹೋದರು. ತಟ್ಟೆ ಹಿಡಿದ ಮುನಿಯಕ್ಕ ಅವರ ಪಕ್ಕದಲ್ಲೇ ನಡೆದಳು. ಹಿಂದಿನಿಂದ ಒಬ್ಬ ಮೊರದಲ್ಲಿ ಗಾಳಿ ಬೀಸುತ್ತಾ ಬಂದ.

ತುದಿಯಿಂದ ಐದು ಕಲ್ಲಿನವರೆಗೆ ಹಿಟ್ಟು ಅಲ್ಲಾಡಲಿಲ್ಲ. ತಗಡಿಗೆ ಕಂದು ಬಣ್ಣ ಬಳಿದ ಹಾಗೆ ಅಂಟಿ ಕೂತಿತು.

ಆರನೆಯ ಕಲ್ಲಿನಿಂದ ಹಿಟ್ಟೆಲ್ಲ ಹಾರಿಹೋಯಿತು. ತಗಡು ಬೆಳ್ಳಗೆ ಫಳಫಳ ಹೊಳೆಯಿತು.

ಏಳು, ಎಂಟು, ಹತ್ತು, ಇಪ್ಪತ್ತು. ಹಿಟ್ಟು ನಿಲ್ಲಲಿಲ್ಲ. ಮೂವತ್ತೈದನೆಯ ಕಲ್ಲು ದಾಟಿದ ಮೇಲೆ ಮತ್ತೆ ಅಂಟಿತು. ಅಲ್ಲಿಂದಾಚೆಗೆ ಸುರುಳಿ ಬಿಚ್ಚಿದಷ್ಟೂ ಅಂಟಿತು.

ಜಯರಾಮಪ್ಪ ಸೊಂಟ ಹಿಡಿದುಕೊಂಡು ಎದ್ದರು.

"ಮೂವತ್ತು ಕಲ್ಲು ಒಣಗಿದೆ. ಅರವತ್ತು ಅಡಿ. ಎರಡು ನಿಮಿಷ ಕರೆಂಟು ಇರಲಿಲ್ಲ. ಕೊಂಡಪ್ಪ ತೆಗೆದಿದ್ದ! ಆಮೇಲೆ ಐದು ಕಲ್ಲು, ಇಪ್ಪತ್ತು ಸೆಕೆಂಡು, ಮತ್ತೆ ಕರೆಂಟು ಬಂದದೆ. ಆ ಇಪ್ಪತ್ತು ಸೆಕೆಂಡಲ್ಲಿ ಶ್ರೀರಾಮಪ್ಪ ಸತ್ತ. ಈಗ ಯೋಳಿ ಗೋವಿಂದಪ್ಪನವರೇ, ನಿಮ್ಮ ಕಣ್ಣೆದುರಿಗೆ ದೀಪ ಎರಡು ನಿಮಿಷ ಆರಿತ್ತು. ನಿಮಗೆ ಕಾಣಲಿಲ್ವಾ?"

"ಹಿಟ್ಟು ನಂಬ್ಕೊಂಡು ಕೋರ್ಟು ನಡೀತದಾ?" ಗೋವಿಂದಪ್ಪನವರ ದನಿ ಏರಿತು. "ನಾನು ಇಲ್ಲೇ ನಿಂತಿದ್ದೆ. ಈ ಜಾಗದಲ್ಲೇ. ದೀಪ ಹತ್ತಿತ್ತು."

"ಮಂಗಳವಾರ ಅಲ್ವಾ, ಬರಿಗಾಲಲ್ಲಿ?"

"ಬರಿಗಾಲಲ್ಲೇ."

"ಗೂಡಿನ ಬಾಗಿಲು ತೆಗೆದಿತ್ತು?"

"ಎರಡು ಕಡೆದೂ ತೆಗೆದಿತ್ತು."

"ಟೋಪಿ ಇದೇನಾ?"

ಗೋವಿಂದಪ್ಪ ತಬ್ಬಿಬ್ಬಾದರು. "ಟೋಪಿ? ಇದೇಯ. ನನಗಿರೋದೇ ಒಂದು."

"ಒಗೆದಿದ್ದು ಯಾವಾಗ?"

ಹಿಂದೆ ನಿಂತಿದ್ದ ಯಾರೋ ಕಿಸಕ್ಕನೆ ನಕ್ಕರು. ಆ ಟೋಪಿ ನೀರು ಕಂಡದ್ದು ಮ್ಯಾನೇಜರ ಮದುವೆಯಲ್ಲಿ ಎಂದು ಇಡೀ ಕಾರ್ಖಾನೆಗೆ ಗೊತ್ತಿತ್ತು.

ಜಯರಾಮಪ್ಪ ಕೈ ಚಾಚಿದರು. ಗೋವಿಂದಪ್ಪ ಟೋಪಿ ತೆಗೆದು ಕೊಡದೆ ಗತಿಯಿರಲಿಲ್ಲ. ಮೊದಲು ಪೋತಪ್ಪನ ಅಂಗಿಯ ಎದೆಗೆ ಒಂದು ಹಿಡಿ ಹಿಟ್ಟು ಎರಚಿದರು. ಮೊರದ ಗಾಳಿಗೂ ಅದು ಉದುರಲಿಲ್ಲ. ಆಮೇಲೆ ಟೋಪಿಯ ಮೇಲೆ ಎರಚಿ ಒಮ್ಮೆ ಕೊಡವಿದರು. ಕಪ್ಪು ಟೋಪಿ ಕಪ್ಪಾಗೇ ಉಳಿಯಿತು. ಹಣೆ ತಾಗುವ ಅಂಚಿನಲ್ಲಿ ಬೆವರಿಗೆ ಒಂದಿಷ್ಟು ಅಂಟಿದ್ದು ಬಿಟ್ಟರೆ ಬೇರೇನಿಲ್ಲ.

"ಐದು ನಿಮಿಷ ಬಾಗಿಲು ತೆರೆದ ಗೂಡಿನ ಎದುರು ನಿಂತೋರ ಟೋಪಿ ಇದಲ್ಲ. ನೀವಿಲ್ಲಿ ನಿಂತೇ ಇರಲಿಲ್ಲ ಸ್ವಾಮಿ."

ಗೋವಿಂದಪ್ಪನವರ ಬಾಯಲ್ಲಿದ್ದ ಎಲೆ ಅಡಿಕೆ ನಿಂತೇಹೋಯಿತು. ಆಚೀಚೆ ನೋಡಿದರು. ಕೆಲಸಗಾರರ ಮುಖಗಳಲ್ಲಿ ಒಂದೂ ಅವರ ಕಡೆಗಿರಲಿಲ್ಲ.

"ಯಂತ್ರದ್ದೇ ತಪ್ಪು ಅಂದ್ರೆ ಸರ್ಕಾರದೋರು ಬೀಗ ಹಾಕ್ತಾರೆ ಇನ್ಸ್‌ಪೆಕ್ಟ್ರೇ. ಎಂಬತ್ತು ಸಂಸಾರ ಇದನ್ನ ನಂಬ್ಕೊಂಡವೆ. ನಾನು ಆಫೀಸಲ್ಲಿದ್ದೆ. ಚೀರಿದ ಮೇಲೆ ಬಂದೆ. ಆದ್ರೆ ನಾನು ಕಟ್ಟಿ ಹೇಳಿದ್ದಲ್ಲ. ದೀಪ ಹತ್ತೇ ಇತ್ತು ಅಂತ ನೋಡಿದೋರು ನನಗೆ ಹೇಳಿದ್ರು. ದೀಪ ಇತ್ತು ಅಂದ್ರೆ ಕರೆಂಟೂ ಇತ್ತು ಅಂತ ತಾನೇ? ಎರಡಕ್ಕೂ ಇರೋದು ಒಂದೇ ಗುಂಡಿ. ಗುಂಡಿ ಒತ್ತಿದೋರು ದೀಪಾನೂ ಹಚ್ತಾರೆ, ಅಲಗಿಗೆ ಕರೆಂಟೂ ಬಿಡ್ತಾರೆ."

"ಹೇಳಿದೋರು ಯಾರು?"

ಗೋವಿಂದಪ್ಪ ಬಾಯಿ ತೆರೆದರು.

ಠಣ್!

ಮುನಿಯಕ್ಕನ ಕೈಯಿಂದ ಹಿತ್ತಾಳೆ ತಟ್ಟೆ ಕಡಪ ಕಲ್ಲಿನ ಮೇಲೆ ಬಿತ್ತು. ಹಿಟ್ಟು ಧೂಳಾಗಿ ಎದ್ದು ಮೂವರ ಮೇಲೂ ಸುರಿಯಿತು. ಅವಳು ಮಾತ್ರ ಕಣ್ಣು ಸಹ ಮುಚ್ಚಲಿಲ್ಲ. ಚೌಡೇಶ್ವರಿ ಪಟದ ಕೆಳಗಿನ ಆರಿದ ದೀಪವನ್ನೇ ನೋಡುತ್ತಾ ನಿಂತಿದ್ದಳು.

"ಒಂದೇ ಗುಂಡೀನಾ?" ಎಂದಳು, ಯಾರನ್ನೂ ಕೇಳದ ಹಾಗೆ.

*

ಗೋವಿಂದಪ್ಪ ಬೈಯುತ್ತಾ ಪಂಚೆ ಕೊಡವಿಕೊಂಡರು. ಹಿಟ್ಟು ಉದುರಿತು. ಜಯರಾಮಪ್ಪ ತಮ್ಮ ಅಂಗಿ ಕೊಡವಿಕೊಂಡರು. ಅದೂ ಉದುರಿತು.

"ನೀನೂ ಕೊಡವ್ಕೊಳಮ್ಮ," ಎಂದು ತಿರುಗಿದವರು ಅಲ್ಲೇ ನಿಂತರು.

ಮುನಿಯಕ್ಕ ಸೀರೆ ಕೊಡವುತ್ತಿದ್ದಳು. ಬಲಗಡೆಯ ಹಿಟ್ಟು ಹೋಯಿತು. ಎಡಗಡೆಯದು ಹೋಗಲಿಲ್ಲ. ಭುಜದಿಂದ ಅಂಚಿನವರೆಗೆ, ಒಂದೇ ಸಮಕ್ಕೆ, ತಗಡಿನ ಮೇಲೆ ಕೂತ ಹಾಗೆಯೇ ಹಸಿರು ಸೀರೆಯ ಮೇಲೆ ರಾಗಿ ಹಿಟ್ಟು ಕೂತಿತ್ತು. ಅಡುಗೆ ಎಣ್ಣೆ ಚೆಲ್ಲಿಕೊಂಡರೆ ಕಲೆಯಾಗುತ್ತದೆ, ಹೀಗೆ ಅಳತೆ ಮಾಡಿ ಬಳಿದಂತೆ ಕೂರುವುದಿಲ್ಲ. ಕರೆಂಟಿನ ಪೆಟ್ಟಿಗೆಯ ಎದುರು ಅಮ್ಮನಿಗೆ ಮುಖ ಮಾಡಿ ನಿಂತರೆ ಗೂಡಿನ ಬಾಗಿಲು ಎಡಗಡೆಗೇ ಬರುತ್ತಿತ್ತು.

ಅವಳು ಜನ್ಮದಲ್ಲಿ ಮೆಟ್ಟು ಮೆಟ್ಟಿದವಳಲ್ಲ. ಮಂಗಳವಾರದಿಂದ ಸೀರೆ ಬದಲಾಯಿಸಿದವಳೂ ಅಲ್ಲ.

'ಇವತ್ತೂ ಆರೈತಲ್ಲಣ್ಣ.' ಬಾಗಿಲಲ್ಲಿ ಹೇಳಿದ್ದ ಮಾತು ಈಗ ಜಯರಾಮಪ್ಪನವರ ಕಿವಿಯಲ್ಲಿ ಮೊಳಗಿತು. ಇವತ್ತೂ! ಅಂದರೆ ಇನ್ನೊಂದು ದಿನ ಆರಿದ್ದನ್ನು ಕಂಡಿದ್ದಳು. ಎಂಥ ಮೂರ್ಖ ನಾನು ಎಂದು ಅವರಿಗೆ ಮೈಯೆಲ್ಲ ಉರಿಯಿತು. ಪತ್ತೆ ಮಾಡಲು ಹೋಗಿ, ಕೇಳಿಕೊಂಡು ಬಂದವಳ ಕೊರಳಿಗೇ ಹಗ್ಗ ಹೊಸೆದಿದ್ದೆನಲ್ಲ.

ಅವರು ಒಂದು ಹೆಜ್ಜೆ ಮುಂದೆ ಬಂದು ಅವಳಿಗೆ ಮರೆಯಾಗಿ ನಿಂತರು.

"ಮುನಿಯಕ್ಕ, ಹೋದ ಯುಗಾದಿಯಿಂದ ಹಿಂದೂಪುರ ನೋಡಿಲ್ಲ ಅಂದಿದ್ದೆ ನನಗೆ." ದನಿ ಪಿಸುಗುಟ್ಟುವಷ್ಟೇ ಇತ್ತು.

"ಅವನೇ ಅಂಗ್ ಯೋಳು ಅಂದ ಕಣಣ್ಣ. ಹುರುಳಿ ಬೇಯ್ಸಿ ತಂದಿದ್ದೆ ಅವತ್ತು, ಅವನಿಗಿಷ್ಟ ಅಂತ. ಓಡಿಬಂದ್ಬುಟ್ಟ. 'ಹೋಗಕ್ಕ, ಹೋಗು, ನೀನಿಲ್ಲಿಗೆ ಬಂದೇ ಇಲ್ಲ' ಅಂತ ತಳ್ಳಿದ. ಹೆಂಗಸ್ರು ಬರಬಾರದು ಅನ್ನೋ ರೂಲಿಗೆ ಎದರ್ಕೊಂಡ ಅಂದ್ಕೊಂಡೆ. ನಾನು..." ಅವಳು ಮತ್ತೆ ದೀಪದ ಕಡೆ ತಿರುಗಿದಳು. "ಅಣ್ಣ, ಅದು ದೀಪ ಅಲ್ವಾ? ಅಮ್ಮನ ದೀಪ ಅಲ್ವಾ ಅದು?"

ಹೊರಗೆ ಜೀಪಿನ ಹಾರನ್ನು ಕೇಳಿಸಿತು.

*

ಸಬ್ ಇನ್ಸ್‌ಪೆಕ್ಟರ್ ನರಸಪ್ಪ ಬೂಟು ಬಿಚ್ಚಿ ಒಳಗೆ ಬಂದರು. ಹಿಂದೆ ಒಬ್ಬ ಕಾನ್‌ಸ್ಟೇಬಲ್, ಅವನ ಜೊತೆ ಕೈಗೆ ಕೋಳ ಹಾಕಿದ್ದ ಕೊಂಡಪ್ಪ. ಇಪ್ಪತ್ತಮೂರರ ಹುಡುಗ ಮೂರು ದಿನಕ್ಕೆ ಮೂವತ್ತರವನ ಹಾಗೆ ಕಾಣುತ್ತಿದ್ದ.

"ಏಂ ಸಾರ್, ಈ ಪಿಂಡಿ ಏಮಿ, ಎಲ್ಲಿ ನೋಡಿದ್ರೂ ಹಿಟ್ಟು? ರಾಗಿ ಮಿಲ್ಲಾ, ಡಬ್ಬದ ಫ್ಯಾಕ್ಟರಿನಾ ಇದು?"

ಜಯರಾಮಪ್ಪ ತೋರಿಸಿದರು. ಐದು ಕಲ್ಲು ಕಂದು, ಮೂವತ್ತು ಕಲ್ಲು ಬಿಳುಪು, ಮತ್ತೆ ಕಂದು. ಹೇಳುವಾಗ ಅವರ ಮಾತು ಎಂದಿನ ಹಾಗೆ ಓಡಲಿಲ್ಲ. ನರಸಪ್ಪ ಬಗ್ಗಿ ಬೆರಳಲ್ಲಿ ತಗಡು ಸವರಿ, ಕಲ್ಲು ಎಣಿಸಿ, ಗೋವಿಂದಪ್ಪನವರ ಕಡೆ ತಿರುಗಿದರು.

"ನಿಮ್ಮ ಹೇಳಿಕೆ?"

ಗೋವಿಂದಪ್ಪ ತಲೆ ತಗ್ಗಿಸಿದರು. "ವಾಪಸ್ ತಗೊಂತೀನಿ."

"ಚೆನ್ನಾಗಿದೆ ನಿಮ್ಮ ವ್ಯಾಪಾರ. ಈ ಹುಡುಗ ಹೇಳಿದ್ದೇ ನಿಜ ಅಂತಾಯ್ತಲ್ಲ. ಇವನು ಕರೆಂಟು ತೆಗೆದಿದ್ದ. 'ತೆಗೆಯಲೇ ಇಲ್ಲ' ಅನ್ನೋದರ ಮೇಲೇ ನಿಂತಿತ್ತು ನನ್ನ ಕೇಸು." ಕಾನ್‌ಸ್ಟೇಬಲ್ಲಿಗೆ ಕೈ ತೋರಿಸಿದರು. "ಬಿಚ್ಚು ಕೋಳ."

ಬಲಗೈಯ ಕೋಳ ಕಳಚಿತು. ಕೊಂಡಪ್ಪ ಮಣಿಕಟ್ಟು ಉಜ್ಜಿಕೊಂಡ. ಅವನ ಮುಖದಲ್ಲಿ ಮೂರು ದಿನದಲ್ಲಿ ಮೊದಲ ಸಲ ಬೆಳಕು ಬಂತು. ಅಕ್ಕನನ್ನು ಹುಡುಕುತ್ತಾ ತಿರುಗಿದ. ಜಯರಾಮಪ್ಪ ಮರೆಯಾಗಿ ನಿಂತಿದ್ದರು, ಆದರೆ ಅಷ್ಟರಲ್ಲಿ ಮುನಿಯಕ್ಕ ತಮ್ಮನನ್ನು ನೋಡಲು ಈಚೆ ಬಂದುಬಿಟ್ಟಿದ್ದಳು.

ಹುಡುಗನ ಕಣ್ಣು ಅವಳ ಸೀರೆಯ ಮೇಲೆ ಬಿತ್ತು. ಎಡಭುಜದಿಂದ ಅಂಚಿನವರೆಗೆ ಕಂದು ಹಿಟ್ಟು. ನೆಲದ ತಗಡಿನ ಮೇಲೂ ಅದೇ ಹಿಟ್ಟು. ಆ ಮಂಜು ಹೇಗೆ ಕೂರುತ್ತದೆ, ಯಾರ ಮೇಲೆ ಕೂರುತ್ತದೆ ಎಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಶೆಡ್ಡಿನಲ್ಲಿ ಇದ್ದದ್ದು ಇನ್ನೊಬ್ಬರೇ.

ಬಂದ ಬೆಳಕು ಹಾಗೆಯೇ ಹೋಯಿತು. ಕೊಂಡಪ್ಪ ಬಿಚ್ಚಿದ ಕೈಯನ್ನು ತಾನೇ ಮತ್ತೆ ಕಾನ್‌ಸ್ಟೇಬಲ್ಲಿನ ಮುಂದೆ ಹಿಡಿದ.

"ಹಾಕಿ ಸಾರ್. ಗುಂಡಿ ಒತ್ತಿದ್ದು ನಾನೇ."

"ಏಮ್ರಾ?"

"ಕರೆಂಟು ತೆಗೆದಿದ್ದೂ ನಾನೇ, ಹಾಕಿದ್ದೂ ನಾನೇ. ಕೆನ್ನೆಗೆ ಹೊಡೆದಿದ್ರು, ಸಿಟ್ಟಿತ್ತು. ಬರ್ಕೊಳಿ. ಜಲ್ದಿ ಕರ್ಕೊಂಡೋಗಿ ಸಾರ್, ಎರಡು ಗಂಟೆ ಆಯ್ತದೆ."

ನರಸಪ್ಪನವರಿಗೆ ತಲೆಬುಡ ತಿಳಿಯಲಿಲ್ಲ. ಜಯರಾಮಪ್ಪನವರ ಕಡೆ ನೋಡಿದರು. "ಸಾರ್, ನೀವೇನಂತೀರಿ? ಇವನು ನಿಜ ಹೇಳ್ತಿದಾನಾ?"

ಮೂವತ್ತೆರಡು ವರ್ಷದಲ್ಲಿ ಕಂಡದ್ದನ್ನು ಬಿಟ್ಟವನಲ್ಲ. ಜಯರಾಮಪ್ಪ ನೆಲದ ಮೇಲಿನ ಹಿಟ್ಟನ್ನು ನೋಡಿದರು. ಹೌದೆಂದರೆ ತಮ್ಮ ಹೋಗುತ್ತಾನೆ. ಅಲ್ಲವೆಂದರೆ ಅಕ್ಕ ಹೋಗುತ್ತಾಳೆ. ಅವರಿಗೆ ತಮ್ಮ ಬುದ್ಧಿವಂತಿಕೆಯ ಮೇಲೇ ಹೇಸಿಗೆಯಾಯಿತು.

"ಸುಳ್ಳು ಯೋಳ್ತಾನೆ ಸಾಮಿ!"

ಮುನಿಯಕ್ಕ ನಡುವೆ ಬಂದು ತಮ್ಮನ ಕೈಯನ್ನು ಕೆಳಕ್ಕೆ ತಳ್ಳಿದಳು.

"ಅವನಲ್ಲ. ನಾನು. ಇಲ್ಲಿ ನಿಂತ್ಕೊಂಡು ಈ ಕೈಯಿಂದಲೇ ಒತ್ತಿದೆ. ಮಂಗಳವಾರ, ಅಮ್ಮನ ಮುಂದೆ ದೀಪ ಆರಿತ್ತು. ಆರಬಾರದು ಅಂತ ಹಚ್ಚಿದೆ, ಕೈ ಮುಗಿದೆ. ಆ ಪುಣ್ಯಾತ್ಮ ಆ ಕಡೆ ಕೈ ಹಾಕವ್ರೆ ಅಂತ ಆ ತಾಯಾಣೆಗೂ ನನಗೆ ಗೊತ್ತಿಲ್ಲ."

"ಅಕ್ಕಾ, ಸುಮ್ಕಿರು!" ಕೊಂಡಪ್ಪ ಚೀರಿದ.

"ನೀನು ಸುಮ್ಕಿರ್ಲಾ!"

ಜಯರಾಮಪ್ಪನವರಿಗೆ ಥಟ್ಟನೆ ಏನೋ ಹೊಳೆಯಿತು. ಪೆಟ್ಟಿಗೆಯ ಮೇಲಿದ್ದ ಗುಂಡಿಗಳನ್ನು ಎಣಿಸಿದರು. ಒಂಬತ್ತು. ಎಲ್ಲವೂ ಒಂದೇ ಥರದ ಕರಿ ಗುಂಡಿ. ಯಾವುದರ ಮೇಲೂ ಅಕ್ಷರವಿಲ್ಲ, ಇದ್ದಿದ್ದರೂ ಮುನಿಯಕ್ಕ ಓದು ಕಲಿತವಳಲ್ಲ.

"ಮುನಿಯಕ್ಕ," ಅವರು ನಿಧಾನವಾಗಿ ಕೇಳಿದರು, "ಒಂಬತ್ತರಲ್ಲಿ ದೀಪದ ಗುಂಡಿ ಯಾವುದು ಅಂತ ನಿನಗೆ ಹೆಂಗೆ ಗೊತ್ತಾಯ್ತು?"

"ನನಗೇನು ಗೊತ್ತಣ್ಣ? ಬಾಗಿಲಲ್ಲಿ ನಿಂತಿದ್ದೆ, ತಮ್ಮ ಕಾಣಲಿಲ್ಲ. ಹೆಂಗಸ್ರು ಬರಬಾರದು ಅಂತ ಹಿಂದಕ್ಕೆ ಹೋಗೋಳಿದ್ದೆ. 'ಬಾಮ್ಮ, ಪರವಾಗಿಲ್ಲ, ಅಮ್ಮನ ದೀಪ ಆರೈತೆ, ಮುತ್ತೈದೆ ಕೈಯಲ್ಲಿ ಹಚ್ಚಿದ್ರೆ ಒಳ್ಳೇದು, ಮೂರನೇ ಗುಂಡಿ' ಅಂತ ಕರೆದು ಯೋಳಿಕೊಟ್ಟೋರು ಇಲ್ಲೇ ಅವ್ರೆ."

ಅವಳು ಹಿಟ್ಟು ಮೆತ್ತಿದ ಕೈ ಎತ್ತಿ ತೋರಿಸಿದಳು.

ಗೋವಿಂದಪ್ಪ ಗಾಬರಿಯಿಂದ ಪಕ್ಕಕ್ಕೆ ಸರಿದರು. ಬೆರಳು ಅವರ ಜೊತೆ ಸರಿಯಲಿಲ್ಲ. ಅವರ ಹಿಂದೆ, ಕತ್ತರಿ ಯಂತ್ರದ ಹಿಡಿಗೆ ಒರಗಿ ಪೋತಪ್ಪ ನಿಂತಿದ್ದ. ಎದೆಯ ಮೇಲೆ ಜಯರಾಮಪ್ಪ ಎರಚಿದ್ದ ಹಿಟ್ಟು ಇನ್ನೂ ಹಾಗೆಯೇ ಅಂಟಿತ್ತು. ಮುಖದಲ್ಲಿ ಅದೇ ಸಮಾಧಾನ.

"ನನಗೆ ಹೇಳಿದ್ದೂ ಇವನೇ," ಎಂದರು ಗೋವಿಂದಪ್ಪ, ಉಸಿರು ಎಳೆದುಕೊಂಡು. "ದೀಪ ಹತ್ತೇ ಇತ್ತು ಅಂತ."

ಎಲ್ಲರೂ ಅವನ ಕಡೆ ತಿರುಗಿದರು. ಪೋತಪ್ಪ ಓಡಲಿಲ್ಲ. ಹೆಗಲ ಮೇಲಿನ ವಸ್ತ್ರ ತೆಗೆದು ಕೈ ಒರೆಸಿಕೊಂಡು, ಪಟದ ಕಡೆಗೊಮ್ಮೆ ಕೈ ಮುಗಿದು, ನರಸಪ್ಪನವರನ್ನೇ ನೋಡಿದ.

"ಆರಿದ ದೀಪ ಹಚ್ಚಮ್ಮ ಅಂದೆ. ಅದು ಯಾವ ಸೆಕ್ಷನ್ನು ಸಾರ್?"